ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಸೋರುವ ರೋಗಿಯ ಗುಟ್ಟು

ಮಾನ್ಯ ಸಂಪಾದಕರೇ,

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳನ್ನು ಪಾಲಿಸಲು ಕೊಟ್ಟಿರುವ ಗಡುವು 18 ತಿಂಗಳು, ಅಂದರೆ 2027ರ ಮೇ. ಬೆಂಗಳೂರಿನ ಚಿಕ್ಕ ಕ್ಲಿನಿಕ್ಕು, ನರ್ಸಿಂಗ್ ಹೋಂ, ಲ್ಯಾಬುಗಳಲ್ಲಿ ಇದರ ಮಾತು ಬಂದಾಗಲೆಲ್ಲ ಕೇಳಿಬರುವುದು ಎರಡೇ ಪ್ರಶ್ನೆ: ಯಾವ ಫಾರಂ ಪ್ರಿಂಟ್ ಹಾಕಿಸಬೇಕು, ಯಾವ ಸಾಫ್ಟ್‌ವೇರ್ ಕೊಳ್ಳಬೇಕು? ವೈದ್ಯಕೀಯ ದಾಖಲೆ ನೋಡಿಕೊಳ್ಳುವ, ಕ್ಲಿನಿಕ್ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸದಲ್ಲಿರುವ ನಮ್ಮ ಮನವಿ ಬೇರೆ. ಫಾರಮ್ಮಿಗೆ ದುಡ್ಡು ಸುರಿಯುವ ಮೊದಲು ಡಾಕ್ಟರು ಒಂದು ಬೆಳಿಗ್ಗೆ ತಮ್ಮದೇ ಕ್ಲಿನಿಕ್ಕಿನ ಕಾಯುವ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಕಿವಿಗೊಡಲಿ. ರೋಗಿಯ ಗುಟ್ಟು ಎಲ್ಲಿಂದ ಸೋರುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಬಿಚ್ಚಿಟ್ಟಿರುತ್ತದೆ. ಕ್ರಮಸಂಖ್ಯೆ, ಹೆಸರು, ವಯಸ್ಸು, ಫೋನ್ ನಂಬರ್, ತೊಂದರೆ, ಫೀಸು ಎಂದು ಸ್ಕೇಲಿನಲ್ಲಿ ಗೆರೆ ಎಳೆದ ಆರು ಕಾಲಂ. ಬಂದವರ ಕೈಗೇ ಪೆನ್ನು ಕೊಟ್ಟು ‘ನೀವೇ ಬರೀರಿ’ ಅನ್ನುತ್ತಾರೆ. ಹದಿನೇಳನೆಯವರು ತಮ್ಮ ಹೆಸರು ಬರೆಯುವಷ್ಟರಲ್ಲಿ ಹದಿನಾರನೆಯವರಿಗೆ ಮುಟ್ಟು ನಿಂತಿದೆ, ಹದಿನೈದನೆಯವರಿಗೆ ಮೂಲವ್ಯಾಧಿ, ಹನ್ನೆರಡನೆಯವರು ನಮ್ಮ ಹಿಂದಿನ ರಸ್ತೆಯವರು ಎಂಬುದೆಲ್ಲ ಕಣ್ಣಿಗೆ ಬಿದ್ದಿರುತ್ತದೆ. ಇಲ್ಲಿ ಒಂದು ಮುಖ್ಯ ಮಾತು. ಹೊಸ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ, ಇಲ್ಲವೇ ಕಾಗದದಿಂದ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಗೆ. ಬರೀ ಕಾಗದದಲ್ಲೇ ಉಳಿಯುವ ಈ ರಿಜಿಸ್ಟರ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿ ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ಹೊರಗೆ ಬಿಡಬಾರದು ಎಂದಿದೆ, ಅಲ್ಲಿ ಕಾಗದ, ಕಂಪ್ಯೂಟರ್ ಎಂಬ ಭೇದವಿಲ್ಲ. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಹಾಕಿಸಿಯೂ ಆ ರಿಜಿಸ್ಟರನ್ನು ಹಾಗೇ ಬಿಚ್ಚಿಟ್ಟರೆ ಹಳೆಯ ಹೊಣೆಯಲ್ಲಿ ತಪ್ಪಿದಂತೆಯೇ.

ಪರಿಹಾರಕ್ಕೆ ಖರ್ಚೇ ಇಲ್ಲ. ‘ತೊಂದರೆ’ ಕಾಲಂ ತೆಗೆದುಹಾಕಿ, ಅದು ಇರಬೇಕಾದ ಜಾಗ ಡಾಕ್ಟರ ಕೈಯಲ್ಲಿರುವ ಕೇಸ್ ಶೀಟ್. ರಿಜಿಸ್ಟರನ್ನು ಸಿಬ್ಬಂದಿಯೇ ಬರೆಯಲಿ, ರೋಗಿಯ ಕೈಗೆ ಟೋಕನ್ ಕೊಡಲಿ. ರೋಗಿಯೇ ಬರೆಯುವುದು ಅನಿವಾರ್ಯವಾದರೆ ಪುಟದಷ್ಟೇ ಅಗಲದ ರಟ್ಟು ತಂದು ಒಂದೇ ಸಾಲು ಕಾಣುವಷ್ಟು ಸೀಳು ಕತ್ತರಿಸಿ ಪುಟದ ಮೇಲಿಡಿ. ಒಬ್ಬೊಬ್ಬರು ಬರೆದಂತೆ ಒಂದು ಸಾಲು ಕೆಳಕ್ಕೆ ಸರಿಸಿದರೆ ಮುಗಿಯಿತು. ಫೈಲಿನ ಹೊರಗಿನ ರಟ್ಟಿನ ಮೇಲೂ ನಂಬರ್ ಬಿಟ್ಟು ಬೇರೇನೂ ಇರಬಾರದು. ಎಚ್‌ಐವಿ ಇರುವವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಗ್ಲೋವ್ಸ್, ಸೂಜಿ, ರಕ್ತದ ವಿಷಯದಲ್ಲಿ ಎಲ್ಲ ರೋಗಿಗಳಿಗೂ ಒಂದೇ ಎಚ್ಚರಿಕೆ ವಹಿಸಬೇಕಾಗಿರುವುದರಿಂದ ಆ ಗುರುತಿನಿಂದ ಸಿಬ್ಬಂದಿಗೆ ಯಾವ ರಕ್ಷಣೆಯೂ ಇಲ್ಲ, ರೋಗಿಗೆ ಮಾತ್ರ ಅವಮಾನ.

ಬರೆದದ್ದರ ಕಥೆ ಇದಾದರೆ ಕೂಗಿದ್ದರದು ಇನ್ನೊಂದು. ‘ಏನಮ್ಮಾ, ಏನ್ ತೊಂದ್ರೆ?’ ಎಂದು ಹತ್ತು ಜನ ಕೂತ ಹಾಲಿನಲ್ಲಿ ರಿಸೆಪ್ಷನ್ ಹುಡುಗಿ ಕೇಳುತ್ತಾಳೆ. ಆ ತಾಯಿ ದನಿ ತಗ್ಗಿಸಿ ಹೇಳಿದರೆ ‘ಆಂ? ಬಿಳಿ ಸೆರಗಾ?’ ಎಂದು ಮತ್ತೆ ಗಟ್ಟಿಯಾಗಿ. ಹುಡುಗಿಗೆ ಕೆಟ್ಟ ಉದ್ದೇಶವೇನೂ ಇಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದದ್ದು ಇಷ್ಟೇ: ‘ಡಾಕ್ಟರನ್ನ ನೋಡಬೇಕಾ, ರಿಪೋರ್ಟ್ ತೋರಿಸೋದಾ, ಇಂಜೆಕ್ಷನ್ ಡ್ರೆಸ್ಸಿಂಗಾ?’ ಈ ಮೂರರಲ್ಲಿ ಒಂದು ಉತ್ತರ ಸಾಕು, ಸರದಿ ಗೊತ್ತಾಗುತ್ತದೆ. ತುರ್ತು ಇದ್ದವರನ್ನು ಮುಂದೆ ಬಿಡಲು ತೊಂದರೆ ಏನೆಂದು ತಿಳಿಯಲೇಬೇಕಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಗೋಡೆಯ ಮೇಲೆ ದಪ್ಪ ಅಕ್ಷರದ ಬೋರ್ಡ್ ಇರಲಿ: ಎದೆನೋವು, ಉಸಿರು ಕಟ್ಟುವುದು, ನಿಲ್ಲದ ರಕ್ತಸ್ರಾವ, ಫಿಟ್ಸ್, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಕಳೆದುಕೊಳ್ಳುವುದು, ಮಗು ಮಂಕಾಗಿರುವುದು ಕಂಡರೆ ತಕ್ಷಣ ಹೇಳಿ. ಓದು ಬಾರದವರಿಗಾಗಿ ಸಿಬ್ಬಂದಿ ಅದನ್ನೇ ಆಗಾಗ ಬಾಯಲ್ಲಿ ಹೇಳಲಿ. ಉಳಿದವರು ಕಾಯಿಲೆಯ ವಿಷಯವನ್ನು ಒಳಗೆ ಹೋಗಿ ಹೇಳಿಕೊಳ್ಳಲಿ.

ಒಳಗೆ ಹೋದರೂ ಗುಟ್ಟು ಉಳಿಯುತ್ತದೆಯೇ? ಅಂಗಡಿ ಮಳಿಗೆಯನ್ನೇ ಎರಡು ಭಾಗ ಮಾಡಿದ ಕ್ಲಿನಿಕ್ಕುಗಳಲ್ಲಿ ಪ್ಲೈವುಡ್ ಅಥವಾ ಅಲ್ಯುಮಿನಿಯಂ ಪಾರ್ಟಿಷನ್ ಏಳು ಅಡಿಗೆ ನಿಲ್ಲುತ್ತದೆ, ಸೂರು ಹತ್ತು ಅಡಿಯಲ್ಲಿರುತ್ತದೆ. ಒಳಗಿನ ಮಾತು ಆ ಮೂರು ಅಡಿ ಸಂದಿಯಿಂದ ಹೊರಬಂದು ಸೂರಿಗೆ ಬಡಿದು ನೇರ ಬೆಂಚಿನ ಮೇಲೆ ಇಳಿಯುತ್ತದೆ. ಕರ್ಟನ್ ಕಣ್ಣನ್ನು ತಡೆಯುತ್ತದೆ, ಕಿವಿಯನ್ನಲ್ಲ. ಮೇಲಿನ ಸಂದಿಯನ್ನು ಸೂರಿನವರೆಗೆ ಮುಚ್ಚಿಸುವುದು, ಬಾಗಿಲ ಬುಡಕ್ಕೆ ರಬ್ಬರ್ ಪಟ್ಟಿ ಹೊಡೆಸುವುದು, ಪಾರ್ಟಿಷನ್ನಿಗೆ ಒರಗಿಸಿಟ್ಟ ಕುರ್ಚಿಗಳನ್ನು ಎದುರು ಗೋಡೆಗೆ ಸರಿಸುವುದು, ಕಾಯುವ ಕಡೆ ಟೀವಿಯೋ ರೇಡಿಯೋವೋ ಸಣ್ಣಗೆ ಹಾಡುತ್ತಿರುವುದು, ಇವು ಒಬ್ಬ ಬಡಗಿಯ ಒಂದು ದಿನದ ಕೆಲಸ. ಮೇಲೆ ಮುಚ್ಚಿದಾಗ ಗಾಳಿಯಾಡುವ ದಾರಿ ಹೊರಗಿನ ಗೋಡೆಯ ಕಡೆ ಇದೆಯೇ ನೋಡಿಕೊಳ್ಳಿ. ಕೆಮ್ಮು, ಜ್ವರದವರು ಬಂದುಹೋಗುವ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಇನ್ನು ಆ ಸ್ಟೂಲು. ನಮ್ಮ ಊರಿನ ಜನನಿಬಿಡ ಕ್ಲಿನಿಕ್ಕುಗಳಲ್ಲಿ ಡಾಕ್ಟರ ಮೇಜಿನ ಪಕ್ಕ ರೋಗಿಯ ಕುರ್ಚಿ, ಅದರ ಹಿಂದೆ ಒಂದು ಸ್ಟೂಲು. ಕುರ್ಚಿಯಲ್ಲಿರುವವರನ್ನು ನೋಡುತ್ತಿರುವಾಗಲೇ ಮುಂದಿನವರನ್ನು ಕರೆದು ಸ್ಟೂಲಿನ ಮೇಲೆ ಕೂರಿಸುತ್ತಾರೆ. ರೋಗಿಯೊಬ್ಬರಿಗೆ ಅರ್ಧ ನಿಮಿಷ ಉಳಿಯುತ್ತದೆ ಅನ್ನುವುದು ಲೆಕ್ಕಾಚಾರ. ಅಪರಿಚಿತರ ಮುಂದೆ ಯಾರೂ ಪೂರ್ತಿ ಹೇಳುವುದಿಲ್ಲ. ಕುಡಿತ, ಉರಿಮೂತ್ರ, ಮನೆಯಲ್ಲಿ ಹೊಡೆತ, ಮಾತ್ರೆ ಬಿಟ್ಟಿದ್ದು, ನಿದ್ದೆ ಬಾರದೆ ಸಾಯುವ ಯೋಚನೆ ಬಂದದ್ದು, ಇವೆಲ್ಲ ನುಂಗಿಕೊಂಡು ‘ಸುಸ್ತು ಡಾಕ್ಟ್ರೇ’ ಎಂದು ಎದ್ದುಹೋಗುತ್ತಾರೆ. ಡಾಕ್ಟರು ಸುಸ್ತಿಗೆ ಟಾನಿಕ್ ಬರೆಯುತ್ತಾರೆ. ಅರ್ಧ ನಿಮಿಷ ಉಳಿಸಲು ಹೋಗಿ ರೋಗವೇ ಕೈತಪ್ಪಿದಂತಾಯಿತು. ಗುಟ್ಟು ಕಾಯುವುದು ರೋಗಿಗೆ ಮಾಡುವ ಉಪಕಾರ ಎಂದು ಭಾವಿಸಿರುವವರಿಗೆ ನಮ್ಮ ಉತ್ತರ ಆ ಸ್ಟೂಲೇ. ಅದನ್ನು ಇವತ್ತೇ ಹೊರಗಿಡಿ.

ಹೆಣ್ಣುಮಕ್ಕಳನ್ನು ಗಂಡು ಡಾಕ್ಟರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದನ್ನು ಹಕ್ಕು ಎಂದೇ ಬರೆದಿದೆ. ಜೊತೆಗಿರುವುದು ಎಂದರೆ ಕರ್ಟನ್ನಿನ ಒಳಗೆ ರೋಗಿಯ ತಲೆಯ ಬಳಿ ನಿಂತಿರುವುದು. ಬಾಗಿಲ ಹೊರಗೆ ಫೋನ್ ನೋಡುತ್ತ ಕೂತ ಆಯಾಳಿಂದ ಇಬ್ಬರಿಗೂ ರಕ್ಷಣೆ ಇಲ್ಲ. ಒಬ್ಬನೇ ಕಾಂಪೌಂಡರ್ ಇರುವ ಕಡೆ, ಮಹಿಳಾ ಸಹಾಯಕಿ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಇರುತ್ತಾರೆ ಎಂದು ಬೋರ್ಡ್ ಹಾಕಬಹುದು.

ಈಗ ಫೋನಿನ ವಿಷಯ, ಇಂದು ಅತಿ ಹೆಚ್ಚು ಅನಾಹುತ ಆಗುವುದು ಇಲ್ಲಿ. ಫೈಲಿನಲ್ಲಿರುವ ನಂಬರ್ ರೋಗಿಯದೇ ಎಂದು ಎಲ್ಲರೂ ನಂಬಿರುತ್ತಾರೆ. ನಮ್ಮ ಮನೆಗಳಲ್ಲಿ ಅತ್ತೆಯ ಫೈಲಿಗೆ ಮಗನ ನಂಬರು, ಹೆಂಡತಿಯ ಫೈಲಿಗೆ ಗಂಡನದು, ಕಾಲೇಜು ಹುಡುಗಿಯದಕ್ಕೆ ಅಪ್ಪನದು, ಮನೆಗೆಲಸದವರ ಫೈಲಿಗೆ ಕೆಲಸಕ್ಕೆ ಇಟ್ಟುಕೊಂಡ ಮನೆಯೊಡತಿಯದು. ಲ್ಯಾಬಿನಿಂದ ಪಿಡಿಎಫ್ ಹೊರಟಿತೆಂದರೆ ಗರ್ಭ ಪರೀಕ್ಷೆಯ ಫಲಿತಾಂಶವನ್ನು ಅವಳಿಗಿಂತ ಮೊದಲು ಅಪ್ಪ ಓದುತ್ತಾನೆ. ಆದ್ದರಿಂದ ಹೆಸರು ಬರೆಸುವ ಹಂತದಲ್ಲೇ ಎರಡು ನಂಬರ್ ಕೇಳಿ: ಕರೆ ಮಾಡಲು ಒಂದು, ರಿಪೋರ್ಟ್ ಕಳಿಸಲು ಒಂದು. ‘ರಿಪೋರ್ಟ್ ಯಾರ ಫೋನಿಗೆ ಹಾಕಲಿ, ಇಲ್ಲಾ ನೀವೇ ಬಂದು ತಗೊಳ್ತೀರಾ?’ ಈ ಪ್ರಶ್ನೆಯನ್ನು ರೋಗಿಗೇ ಕೇಳಬೇಕು, ಜೊತೆಗೆ ಬಂದವರಿಗಲ್ಲ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹುಟ್ಟಿದ ವರ್ಷವೋ ಫೋನಿನ ಕೊನೆಯ ನಾಲ್ಕು ಅಂಕಿಯೋ ಪಾಸ್‌ವರ್ಡ್ ಆದರೆ ಮನೆಯವರಿಗೆ ಅದು ಬಾಯಿಪಾಠ. ಗರ್ಭ, ಎಚ್‌ಐವಿ, ಲೈಂಗಿಕ ರೋಗ, ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಯಾವುದೇ ರಿಪೋರ್ಟನ್ನು ರೋಗಿಯ ಕೈಗೇ ಕೊಡುವುದು ಲೇಸು. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯ ಪ್ರಕಾರ ಪರೀಕ್ಷೆಗೆ ಮೊದಲೇ ತಿಳಿವಳಿಕೆಯ ಒಪ್ಪಿಗೆ ಬೇಕು, ಮುಂಚೆಯೂ ಆಮೇಲೂ ಆಪ್ತಸಮಾಲೋಚನೆ ಬೇಕು. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಅದನ್ನೂ ಹೇಳದೆ ಕೇಳದೆ ಸೇರಿಸಿಬಿಡುವುದು ತಪ್ಪು.

ಕ್ಲಿನಿಕ್ಕಿಗೆ ತನ್ನದೇ ಫೋನು, ತನ್ನದೇ ಸಿಮ್ ಇರಬೇಕು. ರಿಸೆಪ್ಷನ್ ಹುಡುಗನ ಸ್ವಂತ ಫೋನಿಗೆ ರೋಗಿಗಳ ರಿಪೋರ್ಟ್ ಬರುತ್ತಿದ್ದರೆ ಅವನು ಕೆಲಸ ಬಿಟ್ಟ ದಿನ ಅವೆಲ್ಲ ಅವನ ಜೊತೆ ಹೋಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರಗಳು ತಾವಾಗಿಯೇ ಗ್ಯಾಲರಿಗೆ ಇಳಿಯುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಅವು ಫೋಟೊ ಬ್ಯಾಕಪ್ ಜೊತೆ ಇನ್ನೆಲ್ಲಿಗೋ ಏರಿರುತ್ತವೆ, ಫೋನಿನಲ್ಲಿ ಅಳಿಸಿದರೂ ಅಲ್ಲಿ ಉಳಿಯಬಹುದು. ಬಂದ ರಿಪೋರ್ಟನ್ನು ಫೈಲಿಗೆ ಸೇರಿಸಿದ ಮೇಲೆ ಚಾಟ್ ಅಳಿಸುವುದು ಸಂಜೆ ಬಾಗಿಲು ಹಾಕುವ ಮುಂಚಿನ ಕೆಲಸವಾಗಲಿ. ಇನ್ನೊಂದು ಅಭ್ಯಾಸ: ಸಕ್ಕರೆ ಕಾಯಿಲೆಯವರಿಗೆ ಸಲಹೆ ಕೊಡಲೆಂದು ಒಳ್ಳೆಯ ಮನಸ್ಸಿನಿಂದ ಗ್ರೂಪ್ ಮಾಡುತ್ತಾರೆ. ಗ್ರೂಪಿಗೆ ಸೇರಿಸಿದ ಕ್ಷಣವೇ ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಉಳಿದವರಿಗೆಲ್ಲ ನಂಬರ್ ಸಮೇತ ಗೊತ್ತಾಯಿತು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಅದೇ ಸಲಹೆ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಸೇರಿಸುವ ಮೊದಲು ಕೇಳಬೇಕು, ಬೇಡವೆಂದಾಗ ತೆಗೆಯಬೇಕು.

ಗಾಯದ್ದೋ ಚರ್ಮದ್ದೋ ಫೋಟೊ ತೆಗೆದು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಚಿಕಿತ್ಸೆಯ ಭಾಗ. ಅದಕ್ಕೆ ಬಾಯಿಮಾತಿನ ಒಪ್ಪಿಗೆ ಪಡೆದು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದರೆ ಆಯಿತು. ಅದೇ ಫೋಟೊ ಪಾಠಕ್ಕೋ, ಪತ್ರಿಕೆಗೋ, ಕ್ಲಿನಿಕ್ಕಿನ ಇನ್‌ಸ್ಟಾಗ್ರಾಂ ಪುಟಕ್ಕೋ ಹೋಗುವುದಾದರೆ ಅದು ಪೂರ್ತಿ ಬೇರೆ ಒಪ್ಪಿಗೆ, ಬರಹದಲ್ಲಿರಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಹಚ್ಚೆ, ತಾಳಿ, ಹಣೆಯ ಗುರುತು, ಹಾಸಿಗೆಯ ಚೀಟಿ ಇವುಗಳಿಂದ ಊರವರು ಗುರುತಿಸುತ್ತಾರೆ. ಗೂಗಲ್ಲಿನಲ್ಲಿ ಯಾರಾದರೂ ಕೆಟ್ಟ ವಿಮರ್ಶೆ ಬರೆದಾಗ ‘ನೀವು ಮಾರ್ಚ್‌ನಲ್ಲಿ ಇಂಥ ತೊಂದರೆಗೆ ಬಂದಿರಿ, ಮಾತ್ರೆ ಸರಿಯಾಗಿ ತಗೊಳ್ಳಲಿಲ್ಲ’ ಎಂದು ಕ್ಲಿನಿಕ್ ಉತ್ತರ ಬರೆಯುವುದೂ ಇದೇ ಜಾತಿಯ ತಪ್ಪು. ಅವರು ನಮ್ಮ ರೋಗಿ ಎಂದು ಒಪ್ಪಿಕೊಳ್ಳುವುದೇ ಗುಟ್ಟು ಬಿಟ್ಟುಕೊಟ್ಟಂತೆ. ‘ದಯವಿಟ್ಟು ಕ್ಲಿನಿಕ್ಕಿಗೆ ಕರೆ ಮಾಡಿ’ ಎಂದಷ್ಟೇ ಬರೆಯಬಹುದು.

ಮನೆಯವರಿಗೆ ಎಷ್ಟು ಹೇಳಬೇಕು? ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ತಡಕೊಳ್ಳಲ್ಲ’ ಎಂದು ಮಕ್ಕಳು ಬೇಡಿಕೊಳ್ಳುತ್ತಾರೆ. ಅಮೆರಿಕದಲ್ಲಿರುವ ಮಗಳು ರಾತ್ರಿ ಹತ್ತಕ್ಕೆ ಕರೆ ಮಾಡಿ ಅಮ್ಮನ ಬಯಾಪ್ಸಿ ಏನಾಯಿತು ಎಂದು ಕೇಳುತ್ತಾಳೆ. ಪ್ರೀತಿಯಿಂದಲೇ ಕೇಳುತ್ತಾರೆ, ನಮ್ಮಲ್ಲಿ ಕಾಯಿಲೆ ಇಡೀ ಮನೆಯದು. ಆದರೂ ಮೊದಲು ಕೇಳಬೇಕಾದದ್ದು ಕಾಯಿಲೆಯವರನ್ನೇ. ಮೊದಲ ಭೇಟಿಯಲ್ಲೇ ‘ನಿಮ್ಮ ಆರೋಗ್ಯದ ವಿಷಯ ನಿಮ್ಮ ಹೊರತು ಇನ್ಯಾರಿಗೆ ಹೇಳಬಹುದು?’ ಎಂದು ಕೇಳಿ, ಹೆಸರು, ಸಂಬಂಧ, ನಂಬರ್ ಬರೆದು ಸಹಿ ಪಡೆದರೆ ಆಮೇಲಿನ ನೂರು ಇಕ್ಕಟ್ಟು ತಪ್ಪುತ್ತದೆ. ಎಲ್ಲವನ್ನೂ ತಾನೇ ತಿಳಿಯಬೇಕೆನ್ನುವ ಅಜ್ಜನೂ ಇದ್ದಾರೆ, ‘ನನ್ನ ಮಗನಿಗೆ ಹೇಳಿ, ನನಗೆ ಬೇಡ’ ಅನ್ನುವ ಅಜ್ಜಿಯೂ ಇದ್ದಾರೆ. ಇಬ್ಬರ ಮಾತೂ ನಡೆಯಬೇಕು.

ಹೊರಗಿನವರ ವಿಷಯ ಚುಟುಕಾಗಿ ಹೇಳುತ್ತೇವೆ. ಕಂಪನಿಯ ಎಚ್‌ಆರ್ ವಿಭಾಗದವರು ರಜೆಯ ಸರ್ಟಿಫಿಕೇಟ್ ನಿಜವೇ ಎಂದು ಫೋನ್ ಮಾಡಿದರೆ ಬಾಯಲ್ಲಿ ಏನನ್ನೂ ಹೇಳಬೇಡಿ. ಪತ್ರ ಬರಲಿ, ರೋಗಿಯ ಅನುಮತಿ ಇರಲಿ, ಆಗಲೂ ‘ಈ ಸರ್ಟಿಫಿಕೇಟ್ ನಮ್ಮಲ್ಲಿ ಕೊಟ್ಟದ್ದು’ ಎಂದಷ್ಟೇ ಹೇಳಿ, ಕಾಯಿಲೆಯ ಹೆಸರು ಬೇಡ. ವಿಮೆಯವರಿಗೆ ಆ ಸಲದ ದಾಖಲಾತಿಗೆ ಬೇಕಾದ ಕಾಗದ ಮಾತ್ರ ಹೋಗಬೇಕು, ಹತ್ತು ವರ್ಷದ ಫೈಲನ್ನೇ ಸ್ಕ್ಯಾನ್ ಮಾಡಿ ಕಳಿಸುವ ಅಗತ್ಯವಿಲ್ಲ. ಪೊಲೀಸರು ದಾಖಲೆ ಕೇಳಿದರೆ ಲಿಖಿತ ಕೋರಿಕೆ ಪಡೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಲಿಖಿತ ಆದೇಶದ ಮೂಲಕ ದಾಖಲೆ ತರಿಸಿಕೊಳ್ಳುವ ದಾರಿ. ಏನು ಕೊಟ್ಟಿರಿ, ಯಾರಿಗೆ, ಯಾವ ಹೊತ್ತಿಗೆ ಎಂದು ಬರೆದು ಪ್ರತಿ ಇಟ್ಟುಕೊಳ್ಳಿ.

ಕಾನೂನೇ ಹೇಳು ಎನ್ನುವ ಸಂದರ್ಭಗಳೂ ಇವೆ. ಕ್ಷಯ 2012ರಿಂದ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದರೆ ಅಧಿಕಾರಿಗೆ ತಿಳಿಸುವುದು ಬೇರೆ, ನೆರೆಹೊರೆಗೆ ಸಾರುವುದು ಬೇರೆ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಗೃಹ ಕ್ವಾರಂಟೈನ್‌ನವರ ವಿಳಾಸಗಳ ಪಟ್ಟಿ ಸಾರ್ವಜನಿಕವಾದದ್ದನ್ನು ನಗರ ಮರೆತಿಲ್ಲ. ಕೋವಿಡ್ ರೋಗಿಗಳ ಮನೆಯ ಹೊರಗೆ ಪೋಸ್ಟರ್ ಅಂಟಿಸುವುದು ಸಲ್ಲದು, ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿದ್ದರೆ ಮಾತ್ರ ಎಂದು ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಎಂಬುದು ಬೆಂಗಳೂರಿಗರಿಗೆ ಹೆಮ್ಮೆಯ ಮಾತು. ಆ ಹಕ್ಕು ನಮ್ಮದೇ ಬಡಾವಣೆಯ ಕ್ಲಿನಿಕ್ಕಿನವರೆಗೂ ಇಳಿಯಬೇಕು.

ಒಪ್ಪಿಗೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಒಪ್ಪಿಗೆ ಎಂದರೆ ಸಹಿ ಎಂಬಂತಾಗಿದೆ. ಅಡ್ಮಿಶನ್ ಕೌಂಟರಿನಲ್ಲಿ ನಾಲ್ಕು ಇಂಗ್ಲಿಷ್ ಹಾಳೆ, ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಜಾಗಗಳು, ‘ಇಲ್ಲಿ, ಇಲ್ಲಿ, ಇಲ್ಲೊಂದು’. ಆಪರೇಷನ್ನಿನ ಹೆಸರಿನ ಜಾಗ ಇನ್ನೂ ಖಾಲಿ. ‘ವೈದ್ಯರಿಗೆ ಸರಿಕಂಡ ಯಾವುದೇ ಚಿಕಿತ್ಸೆಗೆ ನನ್ನ ಒಪ್ಪಿಗೆ ಇದೆ’ ಎಂಬ ಸಾಲಿಗೆ ಬೆಲೆ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತಪಾಸಣೆಯ ಲ್ಯಾಪರೊಸ್ಕೋಪಿಗೆ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದಕ್ಕೆ) ಒಪ್ಪಿದ್ದ ಮಹಿಳೆ ಅರಿವಳಿಕೆಯ ಮತ್ತಿನಲ್ಲಿದ್ದಾಗ ಆಕೆಯ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗುವುದಿಲ್ಲ, ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ ಬುದ್ಧಿ ನೆಟ್ಟಗಿರುವ ವಯಸ್ಕರ ಪರವಾಗಿ ಇನ್ನೊಬ್ಬರು ಒಪ್ಪುವಂತಿಲ್ಲ ಎಂದಿತು ಕೋರ್ಟು. ಇಷ್ಟು ವರ್ಷ ಕಳೆದರೂ ‘ಗಂಡನ ಸಹಿ ಬೇಕು, ಕರೆದುಕೊಂಡು ಬನ್ನಿ’ ಎಂದು ಹೆಂಗಸರನ್ನು ವಾಪಸು ಕಳಿಸುವುದು ನಿಂತಿಲ್ಲ. ಗರ್ಭಪಾತದ ಕಾಯ್ದೆಯಲ್ಲೂ 18 ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಹೆಣ್ಣಿಗೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನದು ಬೇಕಿಲ್ಲ. 2021ರ ತಿದ್ದುಪಡಿಯ ನಂತರ ಅವಳ ಹೆಸರು ವಿವರ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಗೂ ಅವಕಾಶವಿದೆ.

ಹಾಗಾದರೆ ಒಪ್ಪಿಗೆ ಪತ್ರದಲ್ಲಿ ಏನಿರಬೇಕು? ಮಾಡುವುದೇನು ಎಂಬುದು ಮನೆಮಾತಿನಲ್ಲಿ: ‘ಹಿಸ್ಟೆರೆಕ್ಟಮಿ’ ಎಂದಷ್ಟೇ ಬರೆದರೆ ಅರ್ಥವಾಗದು, ‘ಗರ್ಭಕೋಶ ತೆಗೆಯುವುದು, ಅಂಡಾಶಯ ಉಳಿಸುವುದು’ ಎಂದಿರಬೇಕು. ಎಡವೋ ಬಲವೋ ಎಂಬುದು ಅಕ್ಷರದಲ್ಲಿ ಪೂರ್ತಿಯಾಗಿ. ಯಾಕೆ, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗಬಹುದು, ಸಾಮಾನ್ಯವಾಗಿ ಬರುವ ತೊಂದರೆ ಯಾವುದು, ಅಪರೂಪಕ್ಕಾದರೂ ದೊಡ್ಡದು ಯಾವುದು, ಅರಿವಳಿಕೆ ಕೊಡುವುದು ಹೇಗೆ, ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ನಿದ್ದೆಯೋ. ಮಾಡುವವರು ಯಾರು. ಯಾವ ಭಾಷೆಯಲ್ಲಿ ವಿವರಿಸಲಾಯಿತು, ವಿವರಿಸಿದವರ ಸಹಿ, ತಾರೀಖು ಮಾತ್ರವಲ್ಲ ಗಂಟೆ ನಿಮಿಷವೂ. ಗಂಟೆ ಯಾಕೆಂದರೆ ಆಪರೇಷನ್ನಿಗೆ ಮುಂಚಿನ ಮಂಪರು ಔಷಧಿ ಕೊಟ್ಟ ಮೇಲೆ ಹಾಕಿಸಿದ ಸಹಿಗೆ ಬೆಲೆ ಇರುವುದಿಲ್ಲ. ಹೆಬ್ಬೆಟ್ಟು ಒತ್ತುವವರಿದ್ದರೆ ಸಾಕ್ಷಿ ಸಿಬ್ಬಂದಿಯವರಾಗದೆ ಹೊರಗಿನವರಾಗಿರಲಿ.

ಭಾಷೆಯ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ಹೊಸ ದತ್ತಾಂಶ ಕಾಯ್ದೆ, ಮಾಹಿತಿ ಪಡೆಯಲು ಕೇಳುವ ಒಪ್ಪಿಗೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಾಗಲಿ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ಕನ್ನಡ, ಉರ್ದು, ತಮಿಳು, ತೆಲುಗು, ಹಿಂದಿ ಎಲ್ಲವೂ ಅದರಲ್ಲಿವೆ, ಬೆಂಗಳೂರಿಗೆ ಇವೆಲ್ಲ ಬೇಕು. ಆದರೆ ಯಂತ್ರದಿಂದ ಭಾಷಾಂತರಿಸಿದ ಕನ್ನಡ ಫಾರಮ್ಮು ಇಂಗ್ಲಿಷಿಗಿಂತ ಕಷ್ಟ. ‘ಪ್ರತಿಕೂಲ ಘಟನೆಗಳ ಸಂಭವನೀಯತೆಯನ್ನು ಗ್ರಹಿಸಿರುತ್ತೇನೆ’ ಎಂದು ಬರೆದರೆ ಯಾರಿಗೆ ಏನು ತಿಳಿಯಿತು? ‘ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಗಬಹುದು, ರಕ್ತ ಹೆಚ್ಚು ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ತಾಯಿಯ ಗರ್ಭಕೋಶದ ವಿಷಯವನ್ನು ಹತ್ತು ವರ್ಷದ ಮಗನಿಂದ ಭಾಷಾಂತರ ಮಾಡಿಸುವುದು ಬೇಡ. ಆ ಭಾಷೆ ಬಲ್ಲ ನರ್ಸ್ ಇಲ್ಲದಿದ್ದರೆ ಫೋನಿನಲ್ಲಾದರೂ ವಯಸ್ಕರೊಬ್ಬರನ್ನು ಹಿಡಿಯಿರಿ, ಅವರ ಹೆಸರನ್ನೂ ಬರೆಯಿರಿ. ತಿಳಿಯಿತೇ ಎಂದು ಪರೀಕ್ಷಿಸಲು ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಮನೆಗೆ ಹೋದಮೇಲೆ ನಿಮ್ಮ ಅಕ್ಕ ಕೇಳಿದರೆ ಏನಂತ ಹೇಳ್ತೀರಿ?’ ಎಂದು ಕೇಳಿ. ಅವರ ಬಾಯಿಂದ ಬರುವ ಉತ್ತರದಲ್ಲಿ ತಪ್ಪಿದ ಕಡೆ ತಿದ್ದಿ ಹೇಳಿದರೆ ಆಗ ಸಹಿಗೆ ಅರ್ಥ ಬರುತ್ತದೆ.

ದಾಖಲೆಗಳ ಕುರಿತು ರೋಗಿಗಳಿಗೇ ತಿಳಿಯದ ಒಂದು ಹಕ್ಕಿದೆ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು ಎಂದು 2002ರ ನಿಯಮಾವಳಿ ಹೇಳುತ್ತದೆ. ಬಿಲ್ಲು ಬಾಕಿ, ಡಾಕ್ಟರು ರಜೆ, ಇಂಥ ನೆಪ ಅದರಲ್ಲಿಲ್ಲ. ಅರ್ಜಿ ಕೊಟ್ಟ ದಿನ, ಹೊತ್ತು ಬರೆಸಿ ಸ್ವೀಕೃತಿ ತೆಗೆದುಕೊಳ್ಳಿ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ, ಗರ್ಭಪಾತದ ರಿಜಿಸ್ಟರನ್ನು ಐದು ವರ್ಷ ಇಡಬೇಕು. ಕೋರ್ಟಿನಲ್ಲಿರುವ ಪ್ರಕರಣಗಳದ್ದನ್ನು ಅವು ತೀರುವ ತನಕ ಮುಟ್ಟಬಾರದು. ಅವಧಿ ಮುಗಿದ ಮೇಲೆ ಏನಾಗುತ್ತದೆ ನೋಡಿ: ಗೋಣಿಚೀಲದಲ್ಲಿ ತುಂಬಿ ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕುತ್ತಾರೆ. ಅಲ್ಲಿಂದ ಅದು ಕಡಲೆಕಾಯಿ ಪೊಟ್ಟಣವಾಗಿ ಬಂದರೆ ಆಶ್ಚರ್ಯವಿಲ್ಲ. ಎಕ್ಸ್‌ರೇ ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಅದಕ್ಕೆ ಬೇರೆಯೇ ಗಿರಾಕಿ. ಪ್ರತಿ ಫಿಲ್ಮಿನ ಮೂಲೆಯಲ್ಲೂ ಹೆಸರು, ವಯಸ್ಸು, ತಾರೀಖು ಬಿಳಿ ಅಕ್ಷರದಲ್ಲಿ ಮೂಡಿರುತ್ತವೆ, ಮಾರುವ ಮುಂಚೆ ಆ ಮೂಲೆಯನ್ನು ಕತ್ತರಿಸಿ ತೆಗೆಯಬೇಕು. ಕಾಗದಕ್ಕೆ ಶ್ರೆಡರ್ ಬೇಕು, ಅದೂ ಉದ್ದುದ್ದ ಪಟ್ಟಿ ಮಾಡುವುದಲ್ಲ, ಚೂರುಚೂರು ಮಾಡುವುದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವಾಗ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ.

ಕಂಪ್ಯೂಟರಿನ ಬಗ್ಗೆ ಹೆಚ್ಚು ಬೇಡ, ಮಾರುವವರೇ ಸಾಕಷ್ಟು ಹೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಕಿತ್ತೆಸೆಯುವುದು, ಕೆಲಸ ಬಿಟ್ಟವರ ಲಾಗಿನ್ನನ್ನು ಅದೇ ಸಂಜೆ ಮುಚ್ಚುವುದು, ಎರಡು ನಿಮಿಷ ಮುಟ್ಟದಿದ್ದರೆ ಪರದೆ ತಾನೇ ಲಾಕ್ ಆಗುವುದು, ಮಾನಿಟರಿನ ಮುಖ ಗೋಡೆಯ ಕಡೆಗಿರುವುದು. ಬ್ಯಾಕಪ್ಪಿನ ಒಂದು ಪ್ರತಿ ಇಂಟರ್‌ನೆಟ್ಟಿಗೆ ಅಂಟಿಕೊಳ್ಳದೆ ಬೇರೆ ಕಡೆ ಇರಲಿ. 2022ರ ನವೆಂಬರ್‌ನಲ್ಲಿ ಸೈಬರ್ ದಾಳಿಯಾದಾಗ ದಿಲ್ಲಿಯ ಏಮ್ಸ್‌ನಂಥ ಆಸ್ಪತ್ರೆಯೇ ದಿನಗಟ್ಟಲೆ ಪೆನ್ನು ಕಾಗದದಲ್ಲಿ ಕೆಲಸ ನಡೆಸಬೇಕಾಯಿತು. ಆಭಾ ನಂಬರಿನ ಬಗ್ಗೆ ಒಂದು ಮಾತು: ಅದು 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ, ಮಾಡಿಸುವುದು ಬಿಡುವುದು ರೋಗಿಯ ಇಷ್ಟ. ‘ಒಂದು ಓಟಿಪಿ ಬರುತ್ತೆ, ಹೇಳಿ’ ಎಂದಷ್ಟೇ ಹೇಳಿ ನಂಬರ್ ಮಾಡಿಸುವುದು ಒಪ್ಪಿಗೆ ಅಲ್ಲ. ಯಾತಕ್ಕೆ ಓಟಿಪಿ, ಯಾವ ದಾಖಲೆ ಯಾರಿಗೆ ಕಾಣುತ್ತದೆ ಎಂದು ಹೇಳಿದ ಮೇಲೆ ಕೇಳಬೇಕು.

ತಪ್ಪು ನಡೆದಾಗ ಮೊದಲು ಕ್ಲಿನಿಕ್ಕಿಗೇ ಬರಹದಲ್ಲಿ ದೂರು ಕೊಡಿ. ಡಾಕ್ಟರ ನಡವಳಿಕೆಯ ವಿಷಯವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕ್ ಅಥವಾ ನರ್ಸಿಂಗ್ ಹೋಮಿನ ವಿಷಯವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗಬಹುದು. ಆ ಕಾಯ್ದೆಗೆ 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದು ಸೇರಿದೆ.

ಆ ಪ್ರಾಧಿಕಾರಕ್ಕೆ ನಮ್ಮದೊಂದು ಬೇಡಿಕೆ. ನೋಂದಣಿಗೂ ನವೀಕರಣಕ್ಕೂ ತಪಾಸಣೆಗೆ ಹೋದವರು ಕೋಣೆಯ ಅಳತೆ, ತ್ಯಾಜ್ಯದ ಡಬ್ಬಿಗಳ ಬಣ್ಣ ನೋಡುವಂತೆಯೇ ಪಾರ್ಟಿಷನ್ ಸೂರು ಮುಟ್ಟಿದೆಯೇ, ರಿಜಿಸ್ಟರಿನಲ್ಲಿ ‘ತೊಂದರೆ’ ಕಾಲಂ ಇದೆಯೇ, ಪರೀಕ್ಷಾ ಕೋಣೆಯಲ್ಲಿ ಎರಡನೆಯ ರೋಗಿ ಕೂತಿದ್ದಾರೆಯೇ ಎಂದೂ ನೋಡಿ ಬರೆಯಲಿ. ಇದಕ್ಕೆ ಹತ್ತು ನಿಮಿಷ ಸಾಕು. ಸರ್ಕಾರವೇ ನಡೆಸುವ ‘ನಮ್ಮ ಕ್ಲಿನಿಕ್’ಗಳಿಗೂ ಸರ್ಕಾರಿ ಆಸ್ಪತ್ರೆಗಳಿಗೂ ಇದೇ ಅಳತೆಗೋಲು ಇರಲಿ. ಇನ್ನೊಂದು ಬೇಡಿಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಹೆಚ್ಚಾಗಿ ನಡೆಯುವ ಇಪ್ಪತ್ತು ಮೂವತ್ತು ಚಿಕಿತ್ಸೆಗಳಿಗಾದರೂ ಸರಳ ಕನ್ನಡದ ಒಪ್ಪಿಗೆ ಪತ್ರಗಳನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಇಳಿಸಿಕೊಂಡು ಪ್ರಿಂಟ್ ಹಾಕಿಸುವಂತೆ ಬಿಡಲಿ. ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕಾಯುತ್ತಿರುವ ಹತ್ತಾರು ಜನರಿಗೆ ಒಂದೊಂದು ಸಾಲಾಗಿ ಓದಿ ಹೇಳಲಿ. ‘ಹಂಗಂದ್ರೇನು?’ ಎಂದು ಅವರು ಕೇಳಿದ ಪ್ರತಿಯೊಂದು ಪದವನ್ನೂ ತೆಗೆದು, ಅವರು ಆಡುವ ಮಾತಿನಲ್ಲೇ ಮತ್ತೆ ಬರೆಯಲಿ.

ಇಂತು,
ವೈದ್ಯಕೀಯ ದಾಖಲೆ ಮತ್ತು ಕ್ಲಿನಿಕ್ ತರಬೇತಿಯ ಕೆಲಸದಲ್ಲಿರುವ ಓದುಗರು
ಬೆಂಗಳೂರು